ರಕ್ತದ ಗುಳಿಗೆ ಮತ್ತು ಗಾಳಿಸುದ್ದಿ

ಬೆಳಗಿನ ಜಾವ ತಿಕೋಟಾ ರಸ್ತೆಯಲ್ಲೋ ಬಬಲೇಶ್ವರ ರಸ್ತೆಯಲ್ಲೋ ಹೋಗುವವರು ಸೈಕ್ಲಿಂಗ್ ಅಭ್ಯಾಸದ ಮಕ್ಕಳನ್ನು ನೋಡಿಯೇ ಇರುತ್ತೀರಿ. ವಿಜಯಪುರಕ್ಕೆ ಹೆಸರು ತಂದ ಆಟವದು. ಅಂಥ ಒಬ್ಬ ಹುಡುಗಿಯನ್ನು ತಾಯಿ ನನ್ನ ಬಳಿ ಕರೆತಂದರು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) "ಊಟ ಸೇರವಲ್ದರಿ ಡಾಕ್ಟರ್ರ, ರಾತ್ರಿ ನಿದ್ದಿನೂ ಇಲ್ಲ. ಸೈಕಲ್ಲ ಬಿಡ್ತೀನಿ ಅಂತಾಳ" ಎಂದರು.

ಎರಡು ತಿಂಗಳ ಹಿಂದೆ ಆಕೆಯ ಹಿಮೋಗ್ಲೋಬಿನ್ 9 ಗ್ರಾಂ ಇತ್ತು. ಆ ವಯಸ್ಸಿನ ಹೆಣ್ಣುಮಕ್ಕಳಿಗೆ ಕನಿಷ್ಠ 12 ಇರಬೇಕು. ನಾನೇ ಕಬ್ಬಿಣಾಂಶದ ಗುಳಿಗೆ ಬರೆದುಕೊಟ್ಟಿದ್ದೆ. ಆಡುಮಾತಿನಲ್ಲಿ ನಾವದನ್ನು 'ರಕ್ತ ಹೆಚ್ಚಾಗುವ ಗುಳಿಗೆ' ಎನ್ನುತ್ತೇವೆ. ತಂಡದ ಗೆಳತಿ ಕೇಳಿದಾಗ ಈಕೆಯೂ ಹಾಗೆಯೇ ಹೇಳಿದಳು. ಎಡವಟ್ಟಾದದ್ದು ಅಲ್ಲೇ. ಕೃತಕವಾಗಿ ರಕ್ತಕಣ ಹೆಚ್ಚಿಸಿಕೊಂಡು ಗೆಲ್ಲುವ ಮೋಸ ಸೈಕ್ಲಿಂಗ್‌ನಲ್ಲಿ ಹಳೆಯದು. ಇಪಿಓ ಎಂಬ ಚುಚ್ಚುಮದ್ದು ಬಳಸಿದ್ದಾಗಿ ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 2013ರಲ್ಲಿ ಒಪ್ಪಿಕೊಂಡ. ಆತನ 7 ಟೂರ್ ಡಿ ಫ್ರಾನ್ಸ್ ಪ್ರಶಸ್ತಿಗಳನ್ನು 2012ರಲ್ಲೇ ಕಿತ್ತುಕೊಳ್ಳಲಾಗಿತ್ತು. ಮಕ್ಕಳೂ ಇದನ್ನೆಲ್ಲ ಕೇಳಿರುತ್ತಾರೆ. ವಾರದೊಳಗೆ "ಈಕಿ ಔಷಧ ತಗೊಂಡು ಗೆಲ್ಲಾಕತ್ತಾಳ" ಎಂಬ ಗುಸುಗುಸು ಹಬ್ಬಿತು.

ಹುಡುಗಿ ಗುಳಿಗೆ ನಿಲ್ಲಿಸಿಬಿಟ್ಟಳು. ರಕ್ತ ಕಡಿಮೆಯಿದ್ದರೆ ಸ್ನಾಯುಗಳಿಗೆ ಆಮ್ಲಜನಕ ಸಾಲದು, ವೇಗ ಕುಗ್ಗಿತು. ಆಗ "ನೋಡ್ರಿ, ಗುಳಗಿ ಬಿಟ್ಲು, ಹಿಂದ ಬಿದ್ಲು" ಎಂದು ಸುಳ್ಳಿಗೆ ಸಾಕ್ಷಿಯೂ ಸಿಕ್ಕಿತು! ಕೋಚ್ ಏನೂ ಕೇಳಲಿಲ್ಲವಾದ್ದರಿಂದ ಅವರೂ ನಂಬಿದ್ದಾರೆಂದು ಈಕೆ ತಿಳಿದಳು. ತಾಯಿಯ ಒಪ್ಪಿಗೆ ಪಡೆದು ನಾನು ವಿಚಾರಿಸಿದಾಗ, ಕೇಳಿದರೆ ಹುಡುಗಿ ನೊಂದುಕೊಂಡಾಳೆಂದು ಸುಮ್ಮನಿದ್ದೆ ಎಂದರು ಅವರು.

ಮನಸ್ಸಿನ ಅಂಜಿಕೆ ದೇಹಕ್ಕೂ ತಟ್ಟುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ರಸಗಳು ಏರಿ ನಾಡಿ ಬಡಿತ ಹೆಚ್ಚುತ್ತದೆ, ಹಸಿವು ಇಂಗುತ್ತದೆ, ನಿದ್ದೆ ಕೆಡುತ್ತದೆ. ದಣಿದ ಸ್ನಾಯು ಸುಧಾರಿಸುವುದೇ ನಿದ್ದೆಯಲ್ಲಿ. ಮನೆಯಲ್ಲಿ ಆಟಗಾರರಿದ್ದರೆ, ಬೆಳಿಗ್ಗೆ ಎದ್ದೊಡನೆ ಹಾಸಿಗೆಯಲ್ಲೇ ಒಂದು ನಿಮಿಷ ನಾಡಿ ಎಣಿಸಿ ಬರೆದಿಡಲು ಹೇಳಿ. ಎಂದಿಗಿಂತ 8-10 ಬಡಿತ ಹೆಚ್ಚಾಗಿ ಕೆಲವು ದಿನ ಹಾಗೆಯೇ ಉಳಿದರೆ ಜ್ವರವೋ, ಅತಿಶ್ರಮವೋ, ಮನಸ್ಸಿನ ಕೊರಗೋ ನೋಡಬೇಕು.

ಅನುಮಾನಕ್ಕೆ ಯಾವಾಗಲೂ ಬುಡವಿಲ್ಲವೆಂದಲ್ಲ. 2011ರಲ್ಲಿ ನಮ್ಮ ರಾಜ್ಯದ ಅಶ್ವಿನಿ ಅಕ್ಕುಂಜಿ ಸೇರಿದಂತೆ ಕೆಲವು ಓಟಗಾರ್ತಿಯರು ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಜಿನ್ಸೆಂಗ್ ಗುಳಿಗೆಯಿಂದ ಹೀಗಾಯಿತೆಂದರೂ, 2012ರಲ್ಲಿ ಎರಡು ವರ್ಷದ ನಿಷೇಧ ತಪ್ಪಲಿಲ್ಲ. ಆದ್ದರಿಂದ ಯಾರು ಏನು ಕೊಟ್ಟರೂ ನುಂಗುವ ಮೊದಲು ವೈದ್ಯರಿಗೆ ತೋರಿಸಿ; ಚೀಟಿಯ ಒಂದು ಪ್ರತಿ ಕೋಚ್ ಬಳಿಯೂ ಇರಲಿ.

ಕಬ್ಬಿಣಾಂಶದ ಗುಳಿಗೆ ನಿಷೇಧಿತ ಪಟ್ಟಿಯಲ್ಲಿಲ್ಲ ಎಂದು ನಾನು ಬರೆದುಕೊಟ್ಟೆ. ಕೋಚ್ ಅದನ್ನು ತಾಯಿ-ಮಗಳನ್ನು ಕೇಳಿ, ಎಲ್ಲರೆದುರು ಓದಿದರು. ಗುಳಿಗೆ ಮತ್ತೆ ಶುರುವಾಯಿತು. ಚಹಾದ ಜೊತೆ ಬೇಡ, ಲಿಂಬೆ ಪಾನಕದ ಜೊತೆ ಒಳ್ಳೆಯದು. ಮಲ ಕಪ್ಪಾದರೆ ಗಾಬರಿ ಬೇಡ. ಮೂರು ತಿಂಗಳಿಗೆ ಹಿಮೋಗ್ಲೋಬಿನ್ 12ಕ್ಕೆ ಬಂತು.

ಆ ಗೆಳತಿಯೂ ರಕ್ತ ತಪಾಸಣೆಗೆ ಬಂದಿದ್ದಳು. ಆಕೆಗೆ 10 ಇತ್ತು.