ಹಗಲಿಗೆ ಒಂದು, ರಾತ್ರಿಗೆ ಒಂದು

ಅಕ್ಕತಂಗಿಯರೇ, ಮಳೆ ನಿಂತ ಮೇಲೆ ಬಯಲಿನಲ್ಲಿ ಗುಂಪುಗುಂಪಾಗಿ ಹಾರುತ್ತದಲ್ಲ, ಅದು ಏರೋಪ್ಲೇನ್ ಚಿಟ್ಟೆ. ಮೈಯೆಲ್ಲ ಅರಿಶಿನದ ಬಣ್ಣ. ಹೊತ್ತು ಮುಳುಗಿದ ಮೇಲೆ ಬೀದಿ ದೀಪದ ಹತ್ತಿರ ಸರ್ರನೆ ಸುತ್ತುತ್ತದಲ್ಲ, ಅದು ಪುಟ್ಟ ಬಾವಲಿ. ಮೈ ನಮ್ಮ ಹೆಬ್ಬೆರಳಿನಷ್ಟು. ಹಗಲೆಲ್ಲ ಹಂಚಿನ ಸಂದಿಯಲ್ಲಿ, ಗೋಡೆಯ ಬಿರುಕಿನಲ್ಲಿ ಮಲಗಿರುತ್ತದೆ. ಆಲದ ಮರದಲ್ಲಿ ಜೋತು ಬೀಳುವ ದೊಡ್ಡ ಬಾವಲಿ ಬೇರೆ. ಅದು ಹಣ್ಣು ತಿನ್ನುತ್ತದೆ. ಇದು ಹುಳ ತಿನ್ನುತ್ತದೆ.

ಎರಡೂ ಹಾರುತ್ತವೆ. ಎರಡೂ ಸೊಳ್ಳೆ ತಿನ್ನುತ್ತವೆ. ಹಾಗಾದರೆ ಎರಡೂ ಒಂದೇ ಜಾತಿಯೇ?

ಏರೋಪ್ಲೇನ್ ಚಿಟ್ಟೆ ಒಂದು ಕೀಟ. ಆರು ಕಾಲು, ನಾಲ್ಕು ರೆಕ್ಕೆ, ತಲೆ ತುಂಬ ಕಣ್ಣು. ನಿಂತ ನೀರಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ. ತಿರುಗಿ ನೋಡುವುದಿಲ್ಲ. ಮರಿ ನೀರಿನಲ್ಲೇ ಬೆಳೆಯುತ್ತದೆ. ಅಲ್ಲಿರುವ ಸೊಳ್ಳೆ ಮರಿಗಳನ್ನು ಹಿಡಿದು ತಿನ್ನುತ್ತದೆ.

ಬಾವಲಿ ಹಕ್ಕಿಯಲ್ಲ. ಅದು ಮರಿ ಹಾಕುತ್ತದೆ, ಹಾಲು ಕುಡಿಸುತ್ತದೆ. ಅದರ ರೆಕ್ಕೆ ಅಂದರೆ ಅದರ ಕೈಯೇ! ಉದ್ದನೆಯ ಬೆರಳುಗಳು, ನಡುವೆ ತೆಳ್ಳನೆಯ ತೊಗಲು. ಬಾವಲಿಗೆ ಕಣ್ಣು ಕಾಣಲ್ಲ ಅಂತಾರೆ. ಕಾಣುತ್ತದೆ. ಆದರೆ ಕತ್ತಲಲ್ಲಿ ಅದು ಕಿವಿಯಿಂದ ಬೇಟೆ ಹುಡುಕುತ್ತದೆ. ನಮಗೆ ಕೇಳಿಸದಂಥ ಸದ್ದು ಮಾಡುತ್ತದೆ. ಆ ಸದ್ದು ಹುಳಕ್ಕೆ ಬಡಿದು ವಾಪಸ್ಸು ಬರುತ್ತದೆ. ಬಾವಿಯೊಳಗೆ ಕೂಗಿದರೆ ನಮ್ಮ ದನಿ ವಾಪಸ್ಸು ಬರುತ್ತದಲ್ಲ, ಹಾಗೆ.

ಏರೋಪ್ಲೇನ್ ಚಿಟ್ಟೆ ಗಾಳಿ ಹಿಡಿದು ಸಮುದ್ರ ದಾಟುತ್ತದೆ. ಮಾಲ್ಡೀವ್ಸ್ ದ್ವೀಪಗಳಲ್ಲಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ವಿಜ್ಞಾನಿ 2009ರಲ್ಲಿ ಇದನ್ನು ಬರೆದರು. ಅವು ಭಾರತದ ಕಡೆಯಿಂದ ಬಂದು ಆಫ್ರಿಕಾ ಕಡೆಗೆ ಹೋಗುತ್ತವಂತೆ. ಅಂಥ ಜೀವದ ಬಾಲಕ್ಕೆ ನಮ್ಮ ಮಕ್ಕಳು ದಾರ ಕಟ್ಟಿ ಆಡುತ್ತಾರೆ. ಬೇಡ ಅನ್ನೋಣ.

ಬಾವಲಿ ಒಳಗೆ ಬಂದರೆ ಮನೆಗೆ ಕೇಡು ಅಂತ ಪೊರಕೆಯಲ್ಲಿ ಹೊಡೆಯುತ್ತೇವೆ. ಪಾಪ, ಅದು ಹುಳ ಹುಡುಕಿ ಬಂದಿರುತ್ತದೆ. ದೀಪ ಆರಿಸಿ, ಬಾಗಿಲು ಕಿಟಕಿ ತೆಗೆಯಿರಿ. ತಾನೇ ಹೋಗುತ್ತದೆ. ಬಿದ್ದ ಬಾವಲಿಯನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ. ಕಚ್ಚಿದರೆ ಗಾಯವನ್ನು ಸೋಪು, ನೀರು ಹಾಕಿ 15 ನಿಮಿಷ ತೊಳೆಯಿರಿ. ಅವತ್ತೇ ಆಸ್ಪತ್ರೆಗೆ ಹೋಗಿ. ಹುಚ್ಚುನಾಯಿ ರೋಗ ಬಾವಲಿಯಿಂದಲೂ ಬರಬಹುದು.

ಇವೆರಡೂ ಇದ್ದರೆ ಸೊಳ್ಳೆಯೇ ಇರಲ್ಲ ಅಂತ ತಿಳಿಯಬೇಡಿ. ಡೆಂಗಿ ಸೊಳ್ಳೆ ನಮ್ಮ ಮನೆಯ ತೊಟ್ಟಿ, ಡ್ರಮ್ಮಿನಲ್ಲೇ ಹುಟ್ಟುತ್ತದೆ. ವಾರಕ್ಕೊಮ್ಮೆ ಖಾಲಿ ಮಾಡಿ, ಉಜ್ಜಿ, ಮುಚ್ಚಿಡಬೇಕು. ಆ ಕೆಲಸ ನಮ್ಮದೇ.

ಏರೋಪ್ಲೇನ್ ಚಿಟ್ಟೆಗೆ ನಿಮ್ಮ ಊರಿನಲ್ಲಿ ಏನಂತಾರೆ? ಇಲ್ಲಿ ಬರೆಯಿರಿ.