ನಿನ್ನ ಶಬ್ದದ ವಹಿ

ಇಂಡಿ

ಪ್ರೀತಿಯ ಮೊಮ್ಮಗಳೇ,

ಸೂಟಿ ಮುಗಿಸಿ ಸಿಂದಗಿಗೆ ಹೊರಡುವ ಗಡಿಬಿಡಿಯಲ್ಲಿ ನಿನ್ನ ಇಂಗ್ಲಿಷ್ ಶಬ್ದಗಳ ವಹಿ ಇಲ್ಲೇ ಬಿಟ್ಟು ಹೋಗಿದ್ದೀ. ಒಂದೊಂದೇ ಹಾಳೆ ತಿರುವಿ ಓದಿದೆ. ದಿನಕ್ಕೆ ಹತ್ತು ಅಪರೂಪದ ಶಬ್ದ, ಎದುರಿಗೆ ಅರ್ಥ, ಬಾಯಿಪಾಠ ಆದದ್ದಕ್ಕೆ ಕೆಂಪು ಗೆರೆ. ನಿನ್ನ ಹಟ ಕಂಡು ಎದೆ ತುಂಬಿತು. ಆದರೆ ಮೊದಲ ವಾರದ ಶಬ್ದಗಳನ್ನೇ ಮೂರನೆಯ ವಾರದಲ್ಲಿ ಮತ್ತೆ ಬರೆದುಕೊಂಡಿದ್ದೀ. ಗೆರೆ ಎಳೆದದ್ದೆಲ್ಲ ಮರೆತಂತಾಯ್ತಲ್ಲ, ಅದಕ್ಕೇ ಈ ಪತ್ರ.

‘ಗ್ಲೋಮಿಂಗ್’ ಎದುರಿಗೆ ‘ಸಂಜೆಯ ಒಂದು ಹೊತ್ತು’ ಎಂದು ಬರೆದಿದ್ದೀ. ಯಾವ ಹೊತ್ತು, ಯವ್ವಾ? ಹೊಲಕ್ಕೆ ಹೋದ ದನ ತಿರುಗಿ ಬರುವಾಗ, ಅತ್ತ ಹಗಲಲ್ಲ ಇತ್ತ ಇರುಳಲ್ಲ ಎನ್ನುವಾಗ ‘ಮುಚ್ಚಂಜಿ ಆತು, ಕಸ ಹೊಡೀಬ್ಯಾಡ, ದೀಪಾ ಹಚ್ಚು’ ಎಂದು ನಿಮ್ಮ ಆಯಿ ಕೂಗುತ್ತಾಳಲ್ಲ, ಅದೇ ಹೊತ್ತು. ಹಳೆಯ ಇಂಗ್ಲಿಷಿನ ಶಬ್ದ. ಸ್ಕಾಟ್ಲೆಂಡಿನವರ ಬಾಯಲ್ಲಿ ಉಳಿದು ಬಂತು. ಆಯಿಯ ದನಿಯೊಂದಿಗೆ ಕೇಳಿದ ಮೇಲೆ ಅದು ಮರೆತುಹೋಗುವುದಿಲ್ಲ.

‘ರೆಗರ್’ಗೆ ಬರೀ ಪ್ರಶ್ನೆಯ ಗುರುತು ಹಾಕಿದ್ದೀ. ತೆಲುಗಿನ ‘ರೇಗಡಿ’ಯೇ ಇಂಗ್ಲಿಷ್ ನಿಘಂಟಿಗೆ ಹೋಗಿ ಹಾಗಾಯಿತು. ಬಸವನ ಬಾಗೇವಾಡಿಯಲ್ಲಿ ನಿಮ್ಮ ಮಾವನ ಹೊಲ ನೆನಪು ಮಾಡಿಕೋ. ಮಳೆಯಾದರೆ ಚಪ್ಪಲಿ ಕಿತ್ತುಕೊಳ್ಳುವ, ಬ್ಯಾಸಗಿಯಲ್ಲಿ ಕೈ ಇಳಿಯುವಷ್ಟು ಬಿರಿಯುವ ಎರಿ ಮಣ್ಣೇ ರೆಗರ್.

‘ಲೈಮ್’ ಅಪರೂಪದ್ದಲ್ಲ, ಆದರೂ ಹೇಳದೆ ಇರಲಾರೆ. ನಮ್ಮ ಇಂಡಿಯ ಲಿಂಬಿಯೂ ಲೈಮ್. ಮುದ್ದೇಬಿಹಾಳದ ಕಡೆ, ತಾಳಿಕೋಟಿಯ ಸುಣ್ಣದ ಕಲ್ಲಿನಲ್ಲಿರುವುದೂ ಲೈಮ್. ಅಕ್ಷರ ಅವೇ, ಹುಟ್ಟು ಬೇರೆ. ಸುಣ್ಣದ್ದು ಇಂಗ್ಲಿಷಿನ ಮನೆಮಗಳು. ಹಣ್ಣಿನದು ಅರಬ್ಬಿಯಿಂದ ಬಂದ ಸೊಸೆ; ನಮ್ಮ ಲಿಂಬಿಗೂ ಅದಕ್ಕೂ ಬಳಗವುಂಟು ಎನ್ನುತ್ತಾರೆ ಬಲ್ಲವರು.

‘ಹಳ್ಳಿಯವರಿಗೆ ಇಂಗ್ಲಿಷ್ ಎಲ್ಲಿ ಬರ್ತದ’ ಎಂದು ನೀನು ಒಮ್ಮೆ ಕಣ್ಣೀರು ಹಾಕಿದ್ದೆ, ನೆನಪಿದೆಯೇ? ಹಲಸಂಗಿ ಇಲ್ಲೇ ನಮ್ಮ ಮಗ್ಗುಲಿನ ಊರು. ಅಲ್ಲಿಯ ಕವಿ ಮಧುರಚೆನ್ನರು ಮುಲ್ಕಿ ಪರೀಕ್ಷೆ ಮುಗಿಸಿ, ಸ್ವಂತ ಶ್ರಮದಿಂದ ಇಂಗ್ಲಿಷ್ ಕಲಿತು ಯೋಗಿ ಅರವಿಂದರ ಬರಹಗಳನ್ನು ಓದಿದವರು. ಅವರ ಗೆಳೆಯರ ಬಳಗವೇ ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡಿದ್ದನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಹೊರತಂದಿತು. ದೂರದ ಶಬ್ದಕ್ಕೆ ಕೊಟ್ಟ ಕಿವಿಯನ್ನೇ ಮನೆಯ ಶಬ್ದಕ್ಕೂ ಕೊಟ್ಟರು.

ದಿನಕ್ಕೆ ಹತ್ತು ಬೇಡ, ಎರಡು ಸಾಕು. ನಿನ್ನ ವಹಿಯಲ್ಲಿ ಮೂರನೆಯ ಕಾಲಂ ಎಳೆದಿದ್ದೇನೆ, ಆಯಿಯ ಮಾತು ಬರೆಯಲು. ‘ಮುಚ್ಚಂಜಿ’, ‘ಎರಿ’ ನಾನೇ ಬರೆದಿದ್ದೇನೆ. ಉಳಿದವಕ್ಕೆ ರಾತ್ರಿ ಅವಳಿಗೆ ಫೋನ್ ಮಾಡು, ಕಾಯುತ್ತಿರುತ್ತಾಳೆ. ವಹಿಯನ್ನು ನಾಳೆ ನಿಮ್ಮ ಕಾಕಾ ತರುತ್ತಾನೆ, ಲಿಂಬಿ ಉಪ್ಪಿನಕಾಯಿಯ ಭರಣಿಯ ಜೊತೆಗೆ.

ನಿನ್ನ ಮುತ್ಯಾ