ಅಜ್ಜಿಯ ಬೀಸುವ ಪದಗಳೂ ಲಿನಕ್ಸೂ



ವೀಣೆಯ ಧ್ವನಿಮುದ್ರಣಕ್ಕಾಗಿ ನಿನ್ನ ಗಣಕಯಂತ್ರವನ್ನು ಲಿನಕ್ಸಿಗೆ ಬದಲಿಸಬೇಕೆಂದಿರುವೆಯೆಂದೂ, ಖರ್ಚು ಉಳಿಯುವುದೇ ಅದಕ್ಕೆ ಮುಖ್ಯ ಕಾರಣವೆಂದೂ ಬರೆದಿದ್ದೀಯೆ. ನಿರ್ಧಾರ ಸರಿಯಾದುದೇ, ಕಾರಣ ಮಾತ್ರ ಸಾಲದು. ಇದೇ ಹವ್ಯಾಸವುಳ್ಳ ಇತರ ಕಿರಿಯರೂ ಓದಲೆಂದು ಉತ್ತರವನ್ನು ಪತ್ರಿಕೆಗೇ ಕೊಟ್ಟಿದ್ದೇನೆ.

ನೀನು ಚಿಕ್ಕವನಿದ್ದಾಗ ನಿನ್ನ ಅಜ್ಜಿಯ ಬೀಸುವ ಪದಗಳನ್ನು ನಾನು ಹಿತ್ತಿಲ ಕೋಣೆಯಲ್ಲಿ ಮುದ್ರಿಸಿಕೊಂಡುದು ನಿನಗೆ ನೆನಪಿರಲಾರದು. ದನಿಗೊಂದು, ಕಲ್ಲಿಗೊಂದು ಮೈಕನ್ನಿಟ್ಟಿದ್ದೆನು. ಬೀಸುಕಲ್ಲಿನ ಗರಗರ ಸದ್ದಿನ ಮೇಲೆ ಆಕೆಯ ದನಿ ಏಳುವುದು, ಹಿಡಿ ರಾಗಿ ಹಾಕಲೆಂದು ಕೈ ತಡೆದಾಗ ಸಾಲಿನ ನಡುವೆಯೇ ಕ್ಷಣಕಾಲ ನಿಲ್ಲುವುದು, ಕಲ್ಲು ತಿರುಗಿದೊಡನೆ ನಿಂತಲ್ಲಿಂದಲೇ ಪದ ಮುಂದುವರಿಯುವುದು, ಇವೆಲ್ಲವನ್ನೂ ಆಗ ನನ್ನಲ್ಲಿದ್ದ ದುಬಾರಿ ತಂತ್ರಾಂಶವೊಂದರಲ್ಲಿ ಜೋಡಿಸಿ ಉಳಿಸಿದ್ದೆನು. ಹಳೆಯ ಯಂತ್ರ ಕೆಟ್ಟು ಹೊಸದು ಬಂದಾಗ ಅದರಲ್ಲಿ ಆ ಪರವಾನಗಿ ಸಲ್ಲಲಿಲ್ಲ; ಕಡತಗಳು ಕಣ್ಣಿಗೆ ಕಾಣುತ್ತಿದ್ದುವು, ತೆರೆಯುತ್ತಿರಲಿಲ್ಲ. ಮತ್ತೊಮ್ಮೆ ಹಾಡಿಸೋಣವೆಂದರೆ ಅಷ್ಟರಲ್ಲಿ ಅಮ್ಮನೇ ಇರಲಿಲ್ಲ.

ಆ ಬಳಿಕ ನಾನು ಆರ್ಡೋರ್ ಹಿಡಿದೆನು. ಪಾಲ್ ಡೇವಿಸ್ ಎಂಬವರು ಲಿನಕ್ಸಿಗಾಗಿ ಆರಂಭಿಸಿದ ಈ ಮುಕ್ತ ತಂತ್ರಾಂಶವು, ಮುದ್ರಿಸಿದ ಪ್ರತಿಯೊಂದು ಧ್ವನಿಯನ್ನೂ ಸಾಮಾನ್ಯ ವೇವ್ ಕಡತವಾಗಿಯೂ, ಎಲ್ಲಿ ಕತ್ತರಿಸಿದೆ, ಎಲ್ಲಿ ಜೋಡಿಸಿದೆ ಎಂಬ ಲೆಕ್ಕವನ್ನು ಬರಿಗಣ್ಣಿಗೆ ಓದಬರುವ ಪಠ್ಯವಾಗಿಯೂ ಇರಿಸುವುದರಿಂದ, ನಾಳೆ ಆರ್ಡೋರ್ ಇಲ್ಲವಾದರೂ ಆ ಧ್ವನಿ ಬೇರೊಂದು ಯಂತ್ರದಲ್ಲಿ ಕೇಳಿಬರುವುದು. ಆರ್ಡೋರ್ ನಿನ್ನ ಈಗಿನ ವಿಂಡೋಸಿನಲ್ಲಿಯೂ ನಡೆಯುತ್ತದೆ. ಮೊದಲು ಅಲ್ಲಿಯೇ ಕೈ ಪಳಗಿಸಿಕೊ.

ಇನ್ನು ವಿಳಂಬದ ಮಾತು. ಮೊದಲೇ ಮುದ್ರಿಸಿದ ಮೃದಂಗವನ್ನು ಕಿವಿಯಲ್ಲಿ ಕೇಳುತ್ತ ನೀನು ತಂತಿಯನ್ನು ಮೀಟಿದರೆ, ಆ ನಾದ ಯಂತ್ರದೊಳಗೆ ಹೊಕ್ಕು ನಿನ್ನ ಕಿವಿಗೆ ಮರಳುವಷ್ಟರಲ್ಲಿ ತಡವಾಗುತ್ತದೆ. ಸೆಕೆಂಡಿಗೆ 48,000 ಮಾದರಿಗಳ ವೇಗದಲ್ಲಿ ಬಫರನ್ನು, ಎಂದರೆ ಯಂತ್ರವು ಒಮ್ಮೆಗೆ ಕೂಡಿಡುವ ಮಾದರಿಗಳ ಗುಂಪನ್ನು, 1024ಕ್ಕೆ ಇಟ್ಟರೆ ಅದೊಂದಕ್ಕೇ 21 ಮಿಲಿಸೆಕೆಂಡು ಹಿಡಿಯುವುದು, ತಾಳ ಜಾರಿದಂತೆ ತೋರುವುದು. 128ಕ್ಕೆ ಇಳಿಸಿದರೆ ಮೂರಕ್ಕಿಂತಲೂ ಕಡಿಮೆ. ಯಂತ್ರಕ್ಕೆ ಶಕ್ತಿ ಸಾಲದಿದ್ದರೆ ನಾದದ ನಡುವೆ ಚಟಚಟ ಸದ್ದು ಕೇಳುವುದು; ಆಗ ಒಂದು ಮೆಟ್ಟಲು ಮೇಲಕ್ಕೇರಿಸು. ಲಿನಕ್ಸಿನ ಒಂದು ಬಗೆಯಾದ ಉಬುಂಟು ಸ್ಟುಡಿಯೋದಲ್ಲಿ ಈ ಏರ್ಪಾಡುಗಳು ಬಹುಮಟ್ಟಿಗೆ ಸಿದ್ಧವಾಗಿಯೇ ಬರುತ್ತವೆ.

ಪೆನ್‌ಡ್ರೈವಿನಿಂದ ಅದನ್ನು ನಡೆಸಿ, ಮೈಕನ್ನು ಯಂತ್ರಕ್ಕೆ ಜೋಡಿಸುವ ನಿನ್ನ ಇಂಟರ್ಫೇಸ್ ಪೆಟ್ಟಿಗೆಯ ಗುರುತು ಅದಕ್ಕೆ ಸಿಕ್ಕುವುದೇ ಎಂದು ನೋಡದ ಹೊರತು ಹಳೆಯ ವ್ಯವಸ್ಥೆಯನ್ನು ಅಳಿಸಬೇಡ. ಹೊಸ ಪೆಟ್ಟಿಗೆ ಕೊಳ್ಳುವುದಾದರೆ, ಬೇರೆ ಚಾಲಕ ತಂತ್ರಾಂಶ ಬೇಡದ 'ಕ್ಲಾಸ್ ಕಂಪ್ಲಯಂಟ್' ಬಗೆಯದನ್ನೇ ಕೇಳಿ ತೆಗೆದುಕೊ. ನೀನು ಹಣಕೊಟ್ಟು ಕೊಂಡ ಪ್ಲಗಿನ್ನುಗಳಲ್ಲಿ ಕೆಲವು ಲಿನಕ್ಸಿನಲ್ಲಿ ನಡೆಯಲಾರವು. ಆದುದರಿಂದ ಕೈಯಲ್ಲಿರುವ ಮುದ್ರಣವನ್ನು ಹಳೆಯ ವ್ಯವಸ್ಥೆಯಲ್ಲಿಯೇ ಮುಗಿಸಿ, ಪ್ರತಿಯೊಂದು ಟ್ರ್ಯಾಕನ್ನೂ ವೇವ್ ಆಗಿ ಹೊರತೆಗೆದಿಟ್ಟುಕೊ. ನಾನು ಅಂದು ಮಾಡದೆ ಹೋದುದು ಇದೊಂದೇ ಕೆಲಸ.

ದಸರೆಗೆ ಬರುವಾಗ ವೀಣೆಯೊಡನೆ ಎರಡು ಮೈಕುಗಳನ್ನೂ ತಾ. ನಿನ್ನ ಚಿಕ್ಕಜ್ಜಿಗೆ ಇನ್ನೂ ಏಳೆಂಟು ಪದಗಳು ನೆನಪಿವೆ. ಬೀಸುಕಲ್ಲನ್ನು ತೊಳೆಸಿ ಇಟ್ಟಿದ್ದೇನೆ.

ಇಂತು,
ನಿನ್ನ ಸೋದರಮಾವ